ಬಿಡಲು ಬಾರದ ಬ್ರೇಕು

ಬೆಳಿಗ್ಗೆ ಕಾರು ತೆಗೆಯುವಾಗ ಪೆಟ್ರೋಲ್ ಎಷ್ಟಿದೆ ಎಂದು ನೋಡುತ್ತೇವೆ. ಗಾಜಿನ ಮೇಲಿನ ಇಬ್ಬನಿ ಒರೆಸುತ್ತೇವೆ. ಟೈರಿನ ಮೇಲೆ ಒಮ್ಮೆ ಕಣ್ಣಾಡಿಸುವವರೂ ಇದ್ದಾರೆ. ಬ್ರೇಕಿನ ಯೋಚನೆ ಮಾತ್ರ ಯಾರಿಗೂ ಬರುವುದಿಲ್ಲ. ಒತ್ತಿದರೆ ಹಿಡಿದೇ ಹಿಡಿಯುತ್ತದೆ ಎಂಬ ಧೈರ್ಯದಲ್ಲಿ ಗೇಟು ದಾಟುತ್ತೇವೆ. ಆ ಧೈರ್ಯಕ್ಕೆ ಆಧಾರವಾಗಿ ಚಕ್ರದ ಮರೆಯಲ್ಲಿ ಸಣ್ಣದೊಂದು ರಬ್ಬರ್ ಕೊಳವೆ ಇರುತ್ತದೆ. ಗ್ಯಾರೇಜಿನವರು ಅದನ್ನು ಬ್ರೇಕ್ ಹೋಸ್ ಎನ್ನುತ್ತಾರೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ವಿಜ್ಞಾನಿ ಪ್ಯಾಸ್ಕಲ್ ತೋರಿಸಿಕೊಟ್ಟ. ಪೆಡಲಿನ ಮೇಲೆ ನಾವು ಕಾಲಿಟ್ಟಾಗ ಆಗುವುದು ಅದೇ. ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಒತ್ತುತ್ತದೆ. ಆ ಒತ್ತಡ ಉಕ್ಕಿನ ಪೈಪಿನಲ್ಲಿ ಸಾಗಿ ಚಕ್ರದ ಹತ್ತಿರ ಬರುತ್ತದೆ. ಆದರೆ ಚಕ್ರ ಸುಮ್ಮನಿರುವುದಲ್ಲ. ಗುಂಡಿಗೆ ಇಳಿಯುತ್ತದೆ, ಉಬ್ಬಿಗೆ ಏಳುತ್ತದೆ, ತಿರುವಿನಲ್ಲಿ ಹೊರಳುತ್ತದೆ. ಉಕ್ಕು ಅಲ್ಲಿ ಬಾಗಲಾರದು. ಹಾಗಾಗಿ ಕೊನೆಯ ಹಾದಿಯನ್ನು ರಬ್ಬರ್ ಹೋಸ್‌ಗೆ ಒಪ್ಪಿಸಿದ್ದಾರೆ. ಒಳಗೆ ಒಂದು ರಬ್ಬರ್ ಪದರ, ಒತ್ತಡಕ್ಕೆ ಉಬ್ಬದಿರಲೆಂದು ಅದರ ಮೇಲೆ ನೂಲಿನ ಹೆಣಿಗೆ, ಹೊರಗೆ ಮತ್ತೆ ರಬ್ಬರ್.

ರಬ್ಬರಿಗೆ ಕಿಲೋಮೀಟರಿನಿಂದ ಮಾತ್ರವಲ್ಲ, ಕಾಲದಿಂದಲೂ ಮುಪ್ಪು ಬರುತ್ತದೆ. ಕೊನೆಯ ಮಾರುತಿ 800 ತಯಾರಾದದ್ದು 2014ರ ಜನವರಿಯಲ್ಲಿ. ಎಂದರೆ ಇವತ್ತು ರಸ್ತೆಯಲ್ಲಿರುವ ಅತಿ ಕಿರಿಯ ಮಾರುತಿ 800 ಕೂಡ ಹತ್ತು ವರ್ಷ ದಾಟಿದೆ. ಕವರ್ ಹೊದ್ದು ಮನೆಯ ಮುಂದೆ ನಿಂತೇ ಇದ್ದ ಕಾರಿನ ಹೋಸ್ ಕೂಡ ಹಳತಾಗುತ್ತದೆ. ಪರೀಕ್ಷೆಗೆ ದೊಡ್ಡ ವಿದ್ಯೆ ಬೇಡ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಟಾರ್ಚ್ ಬಿಟ್ಟರೆ ಮುಂದಿನ ಹೋಸ್ ಕಾಣುತ್ತದೆ. ಮೈಯಲ್ಲಿ ಬಿರುಕು, ಕೊಂಡಿಯ ಬಳಿ ಒದ್ದೆ, ಟೈರಿಗೆ ಉಜ್ಜಿದ ಗುರುತು ಇವೆಯೇ ನೋಡಬೇಕು. ಇನ್ನೊಬ್ಬರು ಪೆಡಲ್ ಒತ್ತಿದಾಗ ಎಲ್ಲಾದರೂ ಉಬ್ಬುತ್ತದೆಯೇ ಗಮನಿಸಬೇಕು. ಇವುಗಳಲ್ಲಿ ಒಂದು ಕಂಡರೂ ಹೋಸ್ ಬದಲಿಸಬೇಕು.

ಕಣ್ಣಿಗೆ ಕಾಣದ ಕಾಯಿಲೆಯೂ ಒಂದಿದೆ. ಹೊರಗೆ ಚೆನ್ನಾಗಿಯೇ ಇರುವ ಹೋಸ್ ಒಳಗೊಳಗೇ ಊದಿಕೊಂಡು ದಾರಿ ಕಿರಿದಾಗಿರುತ್ತದೆ. ಕಾಲಿನ ಬಲ ದೊಡ್ಡದು. ಆಯಿಲ್ ಆ ಕಿರಿದಾದ ದಾರಿಯಲ್ಲೂ ನುಗ್ಗಿ ಬ್ರೇಕ್ ಹಿಡಿಸುತ್ತದೆ. ಕಾಲು ತೆಗೆದ ಮೇಲೆ ಹಿಂದಿರುಗಲು ಅದಕ್ಕೆ ಅಷ್ಟು ಬಲವಿರುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ. ಕಾರು ಒಂದು ಕಡೆಗೆ ಎಳೆಯುತ್ತದೆ, ಮೈಲೇಜು ಇಳಿಯುತ್ತದೆ, ಒಂದೇ ಚಕ್ರ ಸುಡುವಷ್ಟು ಬಿಸಿಯಾಗುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯ ಇಳಿಜಾರಿನಲ್ಲಿ ಈ ಬಿಸಿ ಇನ್ನೂ ಏರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ. ಬಿಡಲು ಬಾರದ ಬ್ರೇಕು ಕೊನೆಗೆ ಹಿಡಿಯಲೂ ಬಾರದ ಬ್ರೇಕಾಗುತ್ತದೆ.

ಮನುಷ್ಯರ ವಿಷಯದಲ್ಲೂ ಇದು ನಿಜ. ರಸ್ತೆಗೆ ಓಡುವ ಮಗುವನ್ನು ತಾಯಿ ಗದರಿಸಿ ಹಿಡಿದು ನಿಲ್ಲಿಸಲೇಬೇಕು. ಆ ಗದರಿಕೆ ಬೇಕಿತ್ತು. ಅದು ಸಂಜೆಯವರೆಗೆ ಮುಂದುವರಿಯಬೇಕಿರಲಿಲ್ಲ. ಕೋಪ, ಎಚ್ಚರಿಕೆ, ಶಿಸ್ತು ಎಲ್ಲವೂ ಬೇಕಾದ ಹೊತ್ತಿಗೆ ಬೇಕಾದವೇ. ಹೊತ್ತು ಕಳೆದ ಮೇಲೂ ಹಿಡಿದೇ ಇದ್ದರೆ ಸಂಬಂಧ ಒಳಗೊಳಗೇ ಬಿಸಿಯಾಗುತ್ತದೆ. ಹೀಗೆ ದಿನವಿಡೀ ಗದರುವವರ ಮಾತು ನಿಜವಾದ ಅಪಾಯ ಬಂದಾಗ ಮಕ್ಕಳ ಕಿವಿಗೆ ಬೀಳುವುದಿಲ್ಲ.

ಬಿಡುವುದಕ್ಕೂ ಒಂದು ಹೊತ್ತು ಇದೆ ಎಂಬುದನ್ನು ಹೋಸ್ ಬದಲಿಸುವ ಕೆಲಸವೇ ಕಲಿಸುತ್ತದೆ. ಒಂದು ಬದಿಯದು ಹಾಳಾದರೆ ಎರಡೂ ಬದಿಯದನ್ನು ಬದಲಿಸುವುದು ಲೇಸು. ಎರಡಕ್ಕೂ ವಯಸ್ಸು ಒಂದೇ. ಚಕ್ರದ ಬಳಿ ಬ್ರೇಕ್ ಹಿಡಿಸುವ ಕ್ಯಾಲಿಪರನ್ನು ಬಿಚ್ಚಿದಾಗ ಹೋಸಿನ ಮೇಲೆ ಜೋತುಬಿಡಬಾರದು, ಹೊಸ ಹೋಸನ್ನು ತಿರುಚಿಕೊಳ್ಳುವಂತೆ ಕೂರಿಸಬಾರದು. ಆಮೇಲೆ ಏರ್ ತೆಗೆಯುವ ಕೆಲಸ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಒಳಗೆ ಒಂದು ಗುಳ್ಳೆಯೂ ಉಳಿಯಬಾರದು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುತ್ತಾರೆ. ಮೇಸ್ತ್ರಿ ಚಕ್ರದ ಬಳಿ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿ, ಆಯಿಲಿನ ಜೊತೆ ಗಾಳಿಯನ್ನು ಹೊರಬಿಟ್ಟು, ಮತ್ತೆ ಬಿಗಿ ಮಾಡಿ, “ಈಗ ಬಿಡಿ” ಎನ್ನುತ್ತಾನೆ. ನಿಪ್ಪಲ್ ಬಿಗಿಯುವ ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಾಡಿದ ಕೆಲಸ ವ್ಯರ್ಥ. ಬೇಗ ಬಿಟ್ಟರೂ ಕೆಡುಕು, ಬಿಡದೇ ಇದ್ದರೂ ಕೆಡುಕು.

ನಿಮ್ಮದು ಹಳೆಯ ಕಾರಾಗಿದ್ದರೆ ಈ ವಾರ ಅದನ್ನು ಗ್ಯಾರೇಜಿಗೆ ಒಯ್ಯಿರಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಬದಲಿಸಲು ಹೇಳಿ. ಚಕ್ರ ಬಿಚ್ಚಿಸಿ ಹೋಸ್ ತೋರಿಸಲು ಕೇಳಿ. ಚಕ್ರ ಮತ್ತೆ ಹಾಕಿದ ಮೇಲೆ, ಕಾರು ಇಳಿಸುವ ಮೊದಲು, ಪೆಡಲ್ ಒತ್ತಿದಾಗ ಚಕ್ರ ನಿಲ್ಲುತ್ತದೆಯೇ ಎಂದಷ್ಟೇ ನೋಡಬೇಡಿ. ಕಾಲು ತೆಗೆದ ಮೇಲೆ ಅದು ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂಬುದನ್ನೂ ನೋಡಿ.