ಪ್ರವಾದಿಗಳ ಹೆಸರು ನಮ್ಮ ಮಕ್ಕಳಿಗೆ

ಮಗು ತಂದೆತಾಯಿಯಿಂದ ಪಡೆಯುವ ಮೊದಲ ಕೊಡುಗೆಗಳಲ್ಲಿ ಹೆಸರೂ ಒಂದು. ಬಟ್ಟೆ ಹರಿಯುತ್ತದೆ, ಆಸ್ತಿ ಕೈಬದಲಾಗುತ್ತದೆ. ಹೆಸರಾದರೋ ತೊಟ್ಟಿಲಿನಿಂದ ಗೋರಿಯವರೆಗೂ ಜೊತೆಗಿರುತ್ತದೆ. ಆದುದರಿಂದಲೇ ಒಳ್ಳೆಯ ಹೆಸರಿಡುವುದನ್ನು ಇಸ್ಲಾಮ್ ಹೆತ್ತವರ ಹೊಣೆಯೆಂದು ಪರಿಗಣಿಸಿದೆ. ಏಳನೆಯ ದಿನ ಅಕೀಕಾ ನಡೆಸಿ, ತಲೆಗೂದಲು ತೆಗೆದು ಹೆಸರಿಡುವ ಕ್ರಮ ಹದೀಸ್‌ನಲ್ಲಿದೆ. ಹುಟ್ಟಿದ ದಿನವೇ ಇಟ್ಟರೂ ಅಡ್ಡಿಯಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮುಹಮ್ಮದ್, ಇಬ್ರಾಹೀಮ್, ಮೂಸಾ, ಈಸಾ ಮುಂತಾದವು ಪವಿತ್ರ ಹೆಸರುಗಳು. ತಪ್ಪು ಮಾಡುವ, ಹಟ ಹಿಡಿಯುವ, ನಾಳೆ ದಾರಿ ತಪ್ಪಲೂಬಹುದಾದ ನಮ್ಮ ಮಕ್ಕಳಿಗೆ ಇಂತಹ ಹೆಸರಿಡಬಹುದೇ? ಇಂತಹ ಅಳುಕು ಬೇರೆಯವರಲ್ಲೂ ಇದೆ. ಇಂಗ್ಲಿಷ್ ಮಾತನಾಡುವ ಕ್ರೈಸ್ತರು ತಮ್ಮ ಮಕ್ಕಳಿಗೆ ಯೇಸುವಿನ ಹೆಸರಿಡುವುದು ತೀರಾ ಅಪರೂಪ. ಸ್ಪ್ಯಾನಿಷ್ ಮಾತನಾಡುವ ಕ್ರೈಸ್ತರಲ್ಲಿ ಅದು ಸಾಮಾನ್ಯ.

ಪ್ರವಾದಿವರ್ಯರ(ಸ) ಮಾದರಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹಿಜ್‌ರಿ 8ರಲ್ಲಿ ಅವರಿಗೆ ಮಗ ಹುಟ್ಟಿದಾಗ ತಮ್ಮ ಪೂರ್ವಪಿತ ಇಬ್ರಾಹೀಮರ(ಅ) ಹೆಸರನ್ನೇ ಇಟ್ಟರು. ಸಹಾಬಿ ಅಬೂಮೂಸಾ(ರ) ಅವರ ಮಗನಿಗೂ ಅದೇ ಹೆಸರನ್ನಿಟ್ಟರು. ನಜ್ರಾನಿನ ಕ್ರೈಸ್ತರು ಹ. ಮುಗೀರಾರನ್ನು(ರ) ಒಂದು ಪ್ರಶ್ನೆ ಕೇಳಿದ್ದರು. ಮರ್ಯಮರನ್ನು ಕುರ್‌ಆನ್ ‘ಹಾರೂನರ ಸಹೋದರಿ’ ಎನ್ನುತ್ತದೆ, ಆದರೆ ಮೂಸಾ(ಅ) ಮತ್ತು ಹಾರೂನ್(ಅ) ಈಸಾರಿಗಿಂತ(ಅ) ಎಷ್ಟೋ ಮೊದಲಿನವರಲ್ಲವೇ ಎಂಬುದು ಅವರ ಆಕ್ಷೇಪ. ಹಿಂದಿನ ಪ್ರವಾದಿಗಳ ಮತ್ತು ಸಜ್ಜನರ ಹೆಸರನ್ನು ಮಕ್ಕಳಿಗಿಡುವುದು ಆ ಜನರ ರೂಢಿಯಾಗಿತ್ತೆಂದು ಪ್ರವಾದಿವರ್ಯರು(ಸ) ವಿವರಿಸಿದರು. ಹಾಗೆಂದ ಮೇಲೆ ಇದು ಇಂದು ನಿನ್ನೆಯ ಪದ್ಧತಿಯಲ್ಲ. ನೆರೆಮನೆಯ ಜೋಸೆಫ್ ಮತ್ತು ನಮ್ಮ ಮನೆಯ ಯೂಸುಫ್ ಇಬ್ಬರದೂ ಒಂದೇ ಹೆಸರು. ಡೇವಿಡ್ ಮತ್ತು ದಾವೂದ್ ಸಹ ಹಾಗೆಯೇ.

ಆದರೆ ಅನುಮತಿಯ ಜೊತೆಗೆ ಎಲ್ಲೆಯೂ ಇದೆ. ಒಮ್ಮೆ ಪೇಟೆಯಲ್ಲಿ ಯಾರೋ ‘ಅಬುಲ್ ಕಾಸಿಮ್’ ಎಂದು ಕೂಗಿದರು. ಅದು ಪ್ರವಾದಿವರ್ಯರ(ಸ) ಉಪನಾಮವೂ ಆಗಿತ್ತು. ಅವರು ತಿರುಗಿ ನೋಡಿದಾಗ ಕೂಗಿದವನು, ತಾನು ಕರೆದದ್ದು ಬೇರೊಬ್ಬನನ್ನು ಎಂದ. ಆಗ ಪ್ರವಾದಿವರ್ಯರು(ಸ) ತಮ್ಮ ಹೆಸರನ್ನು ಇಟ್ಟುಕೊಳ್ಳಬಹುದು, ಉಪನಾಮವನ್ನು ಇಟ್ಟುಕೊಳ್ಳಬಾರದು ಎಂದರು. ಈ ನಿಷೇಧ ಅವರ ಜೀವಿತಕಾಲಕ್ಕೆ ಸೀಮಿತವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅಲ್ಲಾಹನಿಗೆ ಮಾತ್ರ ಸಲ್ಲುವ ರಹ್ಮಾನ್‌ನಂತಹ ಹೆಸರನ್ನು ‘ಅಬ್ದ್’ ಸೇರಿಸದೆ ಮನುಷ್ಯನಿಗೆ ಇಡುವಂತಿಲ್ಲ. ‘ರಾಜಾಧಿರಾಜ’ ಎಂಬರ್ಥದ ಹೆಸರನ್ನು ಪ್ರವಾದಿವರ್ಯರು(ಸ) ಕಟುವಾಗಿ ನಿಷೇಧಿಸಿದರು. ಅಬ್ದುಲ್ಲಾ ಮತ್ತು ಅಬ್ದುರ್ರಹ್ಮಾನ್ ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಹೆಸರುಗಳೆಂದು ಕಲಿಸಿದರು.

ಇನ್ನು ಕೆಲವರು ಕುರ್‌ಆನಿನಲ್ಲಿ ಕಂಡ ಪದವನ್ನೆಲ್ಲ ಹೆಸರಾಗಿಡುತ್ತಾರೆ. ಫಿರ್‌ಔನ್, ಕಾರೂನ್, ಹಾಮಾನ್ ಕೂಡಾ ಕುರ್‌ಆನಿನಲ್ಲಿ ಬಂದಿರುವ ಹೆಸರುಗಳೇ ಅಲ್ಲವೇ? ಅರ್ಥ ತಿಳಿದು ಇಡಬೇಕು. ‘ಆಸಿಯಾ’ ಎಂದರೆ ಅವಿಧೇಯಳು ಎಂಬರ್ಥ ಬರುವ ಹೆಸರಿದ್ದ ಹೆಣ್ಣನ್ನು ಪ್ರವಾದಿವರ್ಯರು(ಸ) ‘ಜಮೀಲಾ’ ಎಂದು ಕರೆದರು. ಫಿರ್‌ಔನನ ಪುಣ್ಯವತಿ ಪತ್ನಿಯ ಹೆಸರಾದ ಆಸಿಯಾ ಬೇರೆ. ಅರಬಿಯಲ್ಲಿ ಅದರ ಅಕ್ಷರಗಳೇ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆಸರಿಟ್ಟ ಮೇಲೆ ನಾವು ಅದನ್ನು ಹೇಗೆ ನಡೆಸಿಕೊಳ್ಳುತ್ತೇವೆ?

ಖಲೀಫಾ ಉಮರ್(ರ) ಒಮ್ಮೆ ಒಬ್ಬಾತ ಮುಹಮ್ಮದ್ ಎಂಬ ಹೆಸರಿನವನನ್ನು ಹೆಸರು ಹಿಡಿದು ಶಪಿಸುವುದನ್ನು ಕೇಳಿದರು. ಅವರಿಗೆ ಸಹಿಸಲಾಗಲಿಲ್ಲ. ನಿನ್ನಿಂದಾಗಿ ಆ ಹೆಸರು ಬೈಗುಳಕ್ಕೆ ಗುರಿಯಾಗಬಾರದೆಂದು ಹೇಳಿ ಅವನಿಗೆ ಅಬ್ದುರ್ರಹ್ಮಾನ್ ಎಂದು ಹೆಸರಿಟ್ಟರು. ಹ. ತಲ್ಹಾರ(ರ) ಮಕ್ಕಳ ಹೆಸರನ್ನೂ ಬದಲಿಸಲು ಹೇಳಿಕಳುಹಿಸಿದರು. ಅವರಲ್ಲಿ ಹಿರಿಯನಾದ ಮುಹಮ್ಮದ್, ತನಗೆ ಈ ಹೆಸರಿಟ್ಟವರು ಸ್ವತಃ ಪ್ರವಾದಿವರ್ಯರೇ(ಸ) ಎಂದಾಗ ಉಮರ್(ರ) ಸುಮ್ಮನಾದರು. ತಪ್ಪು ಹೆಸರಿಟ್ಟವರದ್ದಾಗಿರಲಿಲ್ಲ, ಬೈದ ನಾಲಿಗೆಯದ್ದಾಗಿತ್ತು.

ನಮ್ಮ ಮನೆಗಳನ್ನೊಮ್ಮೆ ನೋಡಿ. ಕರಾವಳಿಯಲ್ಲಿ ಅಬ್ದುರ್ರಹ್ಮಾನ್ ‘ಅದ್ರಾಮ’ನಾದ, ಫಾತಿಮಾ ‘ಪಾತು’ ಆದಳು. ಪ್ರೀತಿಯ ಕರೆಯಾದರೆ ಅದು ಬೇರೆ ಮಾತು. ಆದರೆ ಮಗ ಲೋಟ ಬೀಳಿಸಿದರೆ, ಅಂಕ ಕಡಿಮೆ ತಂದರೆ, ಅದೇ ಮುಬಾರಕ್ ಹೆಸರಿಗೆ ಕತ್ತೆ, ನಾಯಿ ಎಂಬ ಮಾತುಗಳನ್ನು ಜೋಡಿಸುವ ತಂದೆಯರಿಲ್ಲವೇ? ಸಿಟ್ಟಿನಲ್ಲಿ ‘ಹಾಳಾಗಿ ಹೋಗು’ ಎಂದು ಶಪಿಸುವ ತಾಯಂದಿರಿಲ್ಲವೇ? ನಮಾಝಿನಲ್ಲಿ ಸಲಾತ್ ಹೇಳುವ ನಾಲಿಗೆ ಅಂಗಳದಲ್ಲಿ ಅದೇ ಹೆಸರಿಗೆ ಬೈಗುಳ ಸೇರಿಸಬಹುದೇ? ಅಡ್ಡಹೆಸರುಗಳಿಂದ ಪರಸ್ಪರ ಹೀಯಾಳಿಸುವುದನ್ನು ಕುರ್‌ಆನ್ 49ನೆಯ ಅಧ್ಯಾಯದ 11ನೆಯ ಸೂಕ್ತದಲ್ಲಿ ನಿಷೇಧಿಸಿದೆ. ಆ ನಿಷೇಧ ನಮ್ಮ ಮಕ್ಕಳ ವಿಷಯದಲ್ಲಿ ಸಡಿಲವಾಗುವುದಿಲ್ಲ.

ಹೆಸರು ಹೊತ್ತವನಿಗೂ ಹೊಣೆಯಿದೆ. ಅಬ್ದುರ್ರಹ್ಮಾನ್ ಎಂದರೆ ಪರಮ ದಯಾಮಯನ ದಾಸ. ಆತ ತೂಕದಲ್ಲಿ ಮೋಸ ಮಾಡಿದರೆ, ಕೂಲಿಯವನ ಹಣ ಉಳಿಸಿಕೊಂಡರೆ, ಗಿರಾಕಿಯ ಬಾಯಲ್ಲಿ ಆ ಹೆಸರು ಏನಾಗುತ್ತದೆ? ಮುಹಮ್ಮದ್ ಎಂದು ಬರೆದಿರುವ ಅಂಗಡಿಯ ಬೋರ್ಡಿನ ಕೆಳಗೆ ಸುಳ್ಳು ಆಣೆ ಕೇಳಿಬಂದರೆ, ಆ ಹೆಸರಿನ ಬಗ್ಗೆ ಬೇರೇನನ್ನೂ ಓದದ ನೆರೆಯವನು ಏನೆಂದುಕೊಂಡಾನು?

ಹಾಗೆಂದು ಅಂಜಿ ಈ ಹೆಸರುಗಳನ್ನು ಬಿಟ್ಟುಬಿಡಬೇಕಾಗಿಲ್ಲ. ಇಮ್ರಾನರ ಪತ್ನಿ ಮಗಳಿಗೆ ಮರ್ಯಮ್ ಎಂದು ಹೆಸರಿಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಆ ಮಗುವಿಗೂ ಅದರ ಸಂತತಿಗೂ ಶೈತಾನನಿಂದ ಅಲ್ಲಾಹನ ರಕ್ಷೆ ಬೇಡಿದರು. ಅನಂತರ ಝಕರಿಯ್ಯಾರ(ಅ) ಪೋಷಣೆಯಲ್ಲಿ ಆ ಮಗು ಬೆಳೆಯಿತು. ಹೆಸರು, ಪ್ರಾರ್ಥನೆ, ತರಬೇತಿ, ಈ ಮೂರೂ ಅಲ್ಲಿ ಕೂಡಿದ್ದುವು. ನಾವು ಮೊದಲನೆಯದನ್ನು ಮಾತ್ರ ಸಂಭ್ರಮದಿಂದ ಮಾಡಿ ಉಳಿದೆರಡನ್ನು ಮರೆಯುತ್ತೇವೆ.

ಇಂದು ರಾತ್ರಿ ಮಗುವನ್ನು ಮಡಿಲಲ್ಲಿ ಕೂರಿಸಿ, ಅವನಿಗೆ ಯಾರ ಹೆಸರಿಟ್ಟಿದ್ದೀರೋ ಅವರ ಕಥೆ ಹೇಳಿರಿ. ಯೂಸುಫನಿಗೆ ಯೂಸುಫರ(ಅ) ಕ್ಷಮೆ ತಿಳಿಯಲಿ, ಅಯ್ಯೂಬನಿಗೆ ಅಯ್ಯೂಬರ(ಅ) ಸಹನೆ ತಿಳಿಯಲಿ. ನಾಳೆ ಅವನನ್ನು ಗದರಿಸುವ ಮುನ್ನ ನಿಮಗೂ ಆ ಕಥೆ ನೆನಪಾಗಲಿ.

ನಮ್ಮ ಮಕ್ಕಳ ಹೆಸರಿನಂತೆ ಅವರ ನಡತೆಯನ್ನೂ, ನಮ್ಮ ನಾಲಿಗೆಯನ್ನೂ ಅಲ್ಲಾಹನು ಸುಂದರಗೊಳಿಸಲಿ. ಆಮೀನ್.