ಕೊಡಲಿಯ ಗುಣವೂ ಕೊಡುವವನ ಧರ್ಮವೂ

ಒಳ್ಳೆಯ ಕೊಡಲಿ ಯಾವುದು ಎಂಬ ಪ್ರಶ್ನೆಯು ತತ್ತ್ವವಿಚಾರಕ್ಕೆ ತಕ್ಕುದಲ್ಲವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಅದು ಸಂತೆಯಲ್ಲಿ ತೀರತಕ್ಕ ವಿಷಯವೆಂದೂ, ಕಮ್ಮಾರನನ್ನು ಕೇಳಿದರೆ ಸಾಕೆಂದೂ ಅವರು ಹೇಳಿಯಾರು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಕೆಲವು ವರ್ಷಗಳ ಹಿಂದೆ ನೆರೆಮನೆಯವನೊಬ್ಬನು ನಮ್ಮ ಜಗಲಿಗೆ ಬಂದು ಕೊಡಲಿಯನ್ನು ಎರವಲು ಕೇಳಿದ ದಿನ ಆ ಎಣಿಕೆಯು ಕೆಟ್ಟಿತು. ಆ ಸಂಗತಿಯನ್ನು ಮುಂದೆ ಹೇಳುವೆನು. ಮೊದಲು ಕೊಡಲಿಯ ಮಾತು.

ಬಲ್ಲವರು ಕೊಡಲಿಯನ್ನು ಕೊಳ್ಳುವಾಗ ಮೊದಲು ಅದರ ತಲೆಯನ್ನು ಸಡಿಲವಾಗಿ ಹಿಡಿದು ಕಲ್ಲಿನಿಂದ ತಟ್ಟಿ ನಾದವನ್ನು ಕೇಳುತ್ತಾರೆ. ಬಿರುಕು ಬಿಟ್ಟ ಕಬ್ಬಿಣವು ಒಡಕುದನಿಯಿಂದ ತನ್ನ ದೋಷವನ್ನು ತಾನೇ ಹೇಳಿಕೊಳ್ಳುವುದು. ಅನಂತರ ಬಾಯಿಯ ಮೇಲೆ ಅರವನ್ನು ಎಳೆದು ನೋಡುವರು. ಅರವು ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಆ ಬಾಯಿಯು ಎರಡು ದಿನದಲ್ಲಿ ಮಡಿಸಿಕೊಳ್ಳುವುದು. ಸ್ವಲ್ಪವೂ ಹಿಡಿಯದೆ ಜಾರಿದರೆ ಮರದ ಗಂಟಿಗೆ ತಾಗಿದಾಗ ಚಕ್ಕೆ ಹಾರುವುದು. ಬಾಯಿ ಗಡುಸಾಗಿಯೂ ಒಡಲು ಮೆದುವಾಗಿಯೂ ಇರಬೇಕು. ಕುಲುಮೆಯಲ್ಲಿ ಹದ ಕೊಡುವವನ ವಿದ್ಯೆಯೆಲ್ಲ ಇಷ್ಟರಲ್ಲಿದೆ. ಆದರೆ ನನ್ನ ಮಟ್ಟಿಗೆ ಕೊಡಲಿಯ ಅರ್ಧ ಯೋಗ್ಯತೆಯು ಕಾವಿನದು. ಮರದ ಎಳೆಗಳು ಕಾವಿನ ಉದ್ದಕ್ಕೂ ನೇರವಾಗಿ ಸಾಗಿರಬೇಕು; ಅಡ್ಡ ಹಾಯ್ದಿದ್ದರೆ ಒಂದಲ್ಲ ಒಂದು ದಿನ ಅಲ್ಲಿಯೇ ಮುರಿಯುವುದು. ದಿಂಡಿಗವೂ ತಡಸಲೂ ಇದಕ್ಕೆ ಹೇಳಿದ ಮರಗಳು. ಕಾವು ಕಣ್ಣಿನಲ್ಲಿ ಬಿಗಿಯಾಗಿ ಕೂತು ಬೆಣೆಯು ಅಲ್ಲಾಡದೆ ಇರಬೇಕು. ಬಣ್ಣ ಬಳಿದ ಕಾವನ್ನು ನಾನು ಕೊಳ್ಳುವುದಿಲ್ಲ. ಬಣ್ಣದ ಅಡಿಯಲ್ಲಿ ಗಂಟಿದೆಯೋ ಹುಳು ಹಿಡಿದಿದೆಯೋ ಯಾರು ಬಲ್ಲರು?

ಇಷ್ಟಾದರೂ ‘ಒಳ್ಳೆಯದು’ ಎಂಬುದು ನಾಡಿನೊಡನೆ ಬದಲಾಗುವುದು. ಚನ್ನಗಿರಿಯ ಅಡಿಕೆತೋಟದವನಿಗೆ ಬೇಕಾದ ಕೊಡಲಿ ಒಂದು. ಮೇಲೆ ಗಡುಸಾಗಿಯೂ ಒಳಗೆ ನಾರಾಗಿಯೂ ಇರುವ ಅಡಿಕೆಯ ಮರವನ್ನು ಸೀಳುವುದು ಅವನ ಕೆಲಸ. ಜಗಳೂರಿನ ಒಣಭೂಮಿಯಲ್ಲಿ ಬಳ್ಳಾರಿ ಜಾಲಿಯನ್ನು ಕಡಿಯುವವನಿಗೆ ಬೇಕಾದುದು ಬೇರೊಂದು. ಮುಳ್ಳಿನಿಂದ ದೂರ ನಿಲ್ಲಲು ಅವನ ಕಾವು ನೀಳವಾಗಿರಬೇಕು.

ಗ್ರೀಸಿನ ತತ್ತ್ವಜ್ಞನಾದ ಅರಿಸ್ಟಾಟಲನು ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ ಕೊಡಲಿಯನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾನೆ. ಕೊಡಲಿಯು ಪ್ರಕೃತಿಸಿದ್ಧವಾದ ದೇಹವಾಗಿದ್ದ ಪಕ್ಷದಲ್ಲಿ ಅದರ ‘ಕೊಡಲಿತನ’ವೇ ಅದರ ಆತ್ಮವಾಗುತ್ತಿತ್ತೆಂಬುದು ಅವನ ಮಾತಿನ ಸಾರ. ಹಾಗಾದರೆ ಚೆನ್ನಾಗಿ ಕಡಿಯುವುದೇ ಕೊಡಲಿಯ ಧರ್ಮ. ಏನನ್ನು ಕಡಿಯುವುದೆಂಬುದು ಅದರ ಪಾಲಿನದಲ್ಲ. ಪರಶುರಾಮನ ಕಥೆಯಲ್ಲಿಯೂ ತಂದೆಯ ಅಪ್ಪಣೆಯಂತೆ ತಾಯಿಯ ಕೊರಳಿಗೆ ಬಿದ್ದ ಪರಶುವನ್ನು ಯಾರೂ ನಿಂದಿಸಿದವರಿಲ್ಲ. ನಾವು ಮಹಾನವಮಿಯಲ್ಲಿ ಆಯುಧಕ್ಕೆ ಕುಂಕುಮವಿಡುತ್ತೇವೆ. ಅದು ವರ್ಷವಿಡೀ ಏನು ಮಾಡಿತೆಂದು ಕೇಳುವುದಿಲ್ಲ.

ಆದರೆ ಕೊಡಲಿಯ ಕಾವು ಕುಲಕ್ಕೆ ಮೃತ್ಯುವೆಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಕೊಡಲಿಯನ್ನು ಅಷ್ಟು ನಿರ್ದೋಷಿಯೆಂದು ಎಣಿಸಿದಂತೆ ಕಾಣುವುದಿಲ್ಲ. ಚನ್ನಗಿರಿಗೆ ನೆರೆಯಾದ ಭದ್ರಾವತಿಯಲ್ಲಿ ಈ ಗಾದೆಯು ಇನ್ನೂ ದೊಡ್ಡ ಪ್ರಮಾಣದಲ್ಲಿ ನಿಜವಾಯಿತು. ಮೈಸೂರು ಸಂಸ್ಥಾನವು ಅಲ್ಲಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಆದರೆ ನಾಡಿನಲ್ಲಿ ಕಲ್ಲಿದ್ದಲಿಲ್ಲ. ಆದಕಾರಣ ಮಲೆನಾಡಿನ ಮರಗಳನ್ನು ಕಡಿದು ಇದ್ದಿಲು ಮಾಡಿ, ಆ ಇದ್ದಿಲಿನಿಂದಲೇ ಅದಿರನ್ನು ಕರಗಿಸಿದರು. ಕಾವನ್ನು ಮಾತ್ರವಲ್ಲ, ಕಬ್ಬಿಣವನ್ನೂ ಮರವೇ ಒದಗಿಸಿತೆಂದು ಹೇಳಬೇಕಾಗುವುದು. ಇದನ್ನು ನಾನು ಆ ಕಾರ್ಖಾನೆಯ ನಿಂದೆಗಾಗಿ ಬರೆಯುತ್ತಿಲ್ಲ. ಅದು ಸಾವಿರಾರು ಮನೆಗಳ ಒಲೆಯನ್ನು ಉರಿಸಿತು.

ಈಚೆಗೆ ಮಡಚುವ ಗರಗಸಗಳು ನಮ್ಮ ಅಂಗಡಿಗಳಿಗೂ ಬಂದಿವೆ. ನಾನೂ ಒಂದನ್ನು ತಂದಿಟ್ಟುಕೊಂಡಿದ್ದೇನೆ. ತೆಳುವಾದ ಅಲಗು, ನಮ್ಮ ಕಡೆಗೆ ಎಳೆದಾಗ ಕೊಯ್ಯುವ ಹಲ್ಲು, ಬಿಚ್ಚಿದಾಗ ಟಕ್ಕೆಂದು ಕೂರುವ ಚಿಲಕ. ಈ ಚಿಲಕವು ಸಡಿಲವಾದ ಗರಗಸವನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬಾರದು. ಅದು ಮಡಚಿಕೊಳ್ಳುವುದು ಬೆರಳುಗಳ ಮೇಲೆಯೇ. ಅನೇಕ ಗರಗಸಗಳ ಹಲ್ಲಿನ ತುದಿಯನ್ನು ಎಷ್ಟು ಗಡುಸು ಮಾಡಿರುತ್ತಾರೆಂದರೆ ಅರವು ಅದನ್ನು ಮುಟ್ಟಲಾರದು. ಮೊಂಡಾದ ದಿನ ಅಲಗನ್ನು ಎಸೆಯುವುದೊಂದೇ ದಾರಿ. ಅಜ್ಜನ ಕೊಡಲಿಯನ್ನು ಮೊಮ್ಮಗನು ಮಸೆಯುವಂತೆ ಇದನ್ನು ಮಸೆಯಲಾಗದು. ಆದರೂ ಟೊಂಗೆ ಸವರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ನನಗೆ ಅದರಲ್ಲಿ ಕಸಿವಿಸಿಯಾಗುವ ಗುಣವೊಂದೇ: ಅದು ಸದ್ದು ಮಾಡುವುದಿಲ್ಲ. ಕೊಡಲಿಯ ಪೆಟ್ಟು ಊರಿಗೆಲ್ಲ ಕೇಳುವುದು. ಗಂಧದ ಕಳ್ಳನಿಗೆ ಗರಗಸವು ಪ್ರಿಯವಾಗುವುದು ಈ ಕಾರಣದಿಂದಲೇ.

ಈಗ ಆ ಸಂಗತಿ. ನಮ್ಮ ನೆರೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಆಸ್ತಿ ಪಾಲಾಗಿ ಹಲವು ವರ್ಷಗಳಾಗಿದ್ದವು. ಇಬ್ಬರ ಹೊಲಗಳ ನಡುವಣ ಬದುವಿನ ಮೇಲೆ ಒಂದು ಹುಣಸೆಯ ಮರ. ನೆರಳಿನಿಂದ ತನ್ನ ಜೋಳವು ಕೆಡುವುದೆಂದು ತಮ್ಮನು. ತಂದೆಯ ಕಾಲದ ಮರವೆಂದು ಅಣ್ಣನು. ಒಂದು ಬೆಳಿಗ್ಗೆ ತಮ್ಮನು ಬಂದು, “ಮೇಷ್ಟ್ರೇ, ನಿಮ್ಮ ಕೊಡಲಿ ಒಂದ್ ಗಳಿಗೆ ಕೊಡ್ರಿ” ಎಂದನು. ಏತಕ್ಕೆಂದು ನಾನು ಕೇಳಲಿಲ್ಲ, ಗೊತ್ತಿತ್ತು. “ಕಾವು ಸಡಿಲಾಗಿದೆಯಪ್ಪ” ಎಂದೆನು. ಕೊಡಲಿಯು ಒಳಗೆ ಮೂಲೆಯಲ್ಲಿ, ಬೆಣೆ ಬಿಗಿದು, ಎಣ್ಣೆ ಸವರಿಸಿಕೊಂಡು ನಿಂತಿತ್ತು.

ಅವನು ಬೇರೆಲ್ಲಿಂದಲೋ ಒಂದನ್ನು ತಂದನು. ಅದರ ಕಾವು ನಿಜವಾಗಿಯೂ ಸಡಿಲಾಗಿತ್ತು. ಹತ್ತಿಪ್ಪತ್ತು ಪೆಟ್ಟುಗಳಾಗುವಷ್ಟರಲ್ಲಿ ತಲೆಯು ಕಳಚಿ ಅವನ ಮೊಣಕಾಲಿನ ಕೆಳಗೆ ಹೊಡೆಯಿತು. ಪೆಟ್ಟಿನ ಸದ್ದನ್ನು ಕೇಳಿ ಜಗಳಕ್ಕೆಂದು ಓಡಿಬಂದ ಅಣ್ಣನು ತಮ್ಮನನ್ನು ಹೆಗಲ ಮೇಲೆ ಹೊತ್ತು ವೈದ್ಯರಲ್ಲಿಗೆ ಕರೆದೊಯ್ದನು. ಮರವು ಉಳಿಯಿತು. ಕಾಲು ಪೂರ್ತಿ ಸರಿಯಾಗಲಿಲ್ಲ.

ನನ್ನ ಮಿತ್ರರೊಬ್ಬರು ಇದನ್ನು ಕೇಳಿ, “ನಿಮ್ಮ ಸುಳ್ಳಿನಿಂದ ಒಂದು ಮರ ಉಳಿಯಿತು, ಅಣ್ಣತಮ್ಮಂದಿರು ಒಂದಾದರು, ಇನ್ನೇನು ಬೇಕು?” ಎಂದರು. ನಾನು ಒಪ್ಪಲಾರೆ. ಅಣ್ಣನನ್ನು ಕರೆತಂದುದು ಕೊಡಲಿಯ ಸದ್ದು, ನನ್ನ ಸುಳ್ಳಲ್ಲ. ಗರಗಸವನ್ನು ತಂದಿದ್ದರೆ ಮರವೂ ಹೋಗುತ್ತಿತ್ತು, ಅಣ್ಣನೂ ಬರುತ್ತಿರಲಿಲ್ಲ. ಇನ್ನೊಬ್ಬರು, ಹಾಳು ಕೊಡಲಿಯನ್ನು ಕೊಟ್ಟವನದೇ ತಪ್ಪೆಂದರು. ಕೊಟ್ಟವನಿಗೆ ಕಾವಿನ ವಿಷಯ ತಿಳಿದಿರಲಿಕ್ಕಿಲ್ಲ. ಸಡಿಲವಾದ ಕಾವು ಏನು ಮಾಡಬಲ್ಲುದೆಂಬುದು ನನಗೆ ಚೆನ್ನಾಗಿ ತಿಳಿದಿತ್ತು.

ಹಾಗಾದರೆ ಒಳ್ಳೆಯ ಕೊಡಲಿಯನ್ನೇ ಕೊಡಬೇಕಾಗಿತ್ತೆ? ಬಹುದಿನ ನಾನು ಈ ಪ್ರಶ್ನೆಯಲ್ಲಿಯೇ ಸಿಕ್ಕಿಕೊಂಡಿದ್ದೆನು. ಕೊಡಬೇಕಾಗಿರಲಿಲ್ಲವೆಂದೇ ಈಗಲೂ ನನ್ನ ಅಭಿಪ್ರಾಯ. ಕೊಡಲಿಯು ಕಡಿಯುವುದನ್ನು ಮಾತ್ರ ಬಲ್ಲುದು. ಕೊಡುವವನು ಅದಕ್ಕಿಂತ ಹೆಚ್ಚನ್ನು ಬಲ್ಲನು, ಆದುದರಿಂದ ಅವನಿಗೆ ಕೊಡದೆ ಇರುವ ಅಧಿಕಾರವೂ ಉಂಟು. ಆದರೆ “ಅಣ್ಣನ ಒಪ್ಪಿಗೆಯಿಲ್ಲದೆ ಆ ಮರಕ್ಕೆ ನನ್ನ ಕೊಡಲಿ ಕೊಡುವುದಿಲ್ಲ” ಎಂದಿದ್ದರೆ ಅವನು ಸಿಟ್ಟಾಗುತ್ತಿದ್ದನು, ನಾಲ್ಕು ಮಾತು ಆಡುತ್ತಿದ್ದನು, ಅಷ್ಟರಲ್ಲಿ ಮರದ ವಿಷಯವಾದರೂ ನಮ್ಮಿಬ್ಬರ ನಡುವೆ ಬರುತ್ತಿತ್ತು. ನಾನು ಅವನ ದಾರಿಗೆ ಅಡ್ಡವಾಗಿದ್ದ ನ್ಯಾಯದ ತೊಡಕನ್ನು ಮುಚ್ಚಿಟ್ಟು, ಅದನ್ನು ಒಂದು ಕಾವಿನ ತೊಡಕಾಗಿ ಮಾಡಿ ಅವನ ಕೈಗೆ ಕೊಟ್ಟೆನು. ಅವನು ಕಾವನ್ನೇ ಹುಡುಕಿಕೊಂಡು ಹೋದನು. ಅವನಿಗೆ ಬೇರೇನು ಹುಡುಕಬೇಕೆಂದು ನಾನು ಹೇಳಿದ್ದೆನೇ?

ಇನ್ನೂ ಒಂದು ಮಾತು. ಕೊಡಲಿಯ ಗುಣವನ್ನು ನಾನು ಮರದ ಕಡೆಯಿಂದಲೇ ಎಣಿಸಿದ್ದೆನು: ಹರಿತವಾದರೆ ಮರ ಬೇಗ ಬೀಳುವುದು, ಮೊಂಡಾದರೆ ತಡವಾಗಿ ಬೀಳುವುದು. ಕಾವು, ಬೆಣೆ, ಕಣ್ಣು ಇವೆಲ್ಲ ಇರುವುದು ಮರಕ್ಕಾಗಿ ಅಲ್ಲ, ಬೀಸುವವನ ಮೊಣಕಾಲಿಗಾಗಿ. ಆ ಮನುಷ್ಯನು ತಪ್ಪು ಮಾಡಲು ಹೊರಟಿದ್ದರೂ ಮೊಣಕಾಲು ಅವನದೇ.

ಈಚೆಗೆ ಅವನು ಸೌದೆ ಸೀಳಲು ಮತ್ತೆ ನನ್ನ ಕೊಡಲಿಯನ್ನು ಕೇಳಿದನು. ತಂದುಕೊಟ್ಟೆನು. ಅವನು ಕಾವನ್ನು ಎರಡು ಕೈಯಿಂದ ಹಿಡಿದು ಬಲವಾಗಿ ಅಲ್ಲಾಡಿಸಿದನು, ಅದು ಕದಲಲಿಲ್ಲ. “ಸರಿ ಮಾಡಿಸಿದ್ರೇನ್ರಿ, ಮೇಷ್ಟ್ರೇ?” ಎಂದನು. ನಾನು ಹೌದೆಂದೆನು.