ಇಂದಿನ ಧಮ್ಮ ಚಿಂತನೆ: ಮಗಳ ಪಾಲು





ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ತಂದೆತಾಯಿಯ ಐದು ಕರ್ತವ್ಯಗಳನ್ನು ಹೇಳಿದ್ದಾರೆ. ಕೊನೆಯದು, ಸಕಾಲದಲ್ಲಿ ಆಸ್ತಿಯನ್ನು ಒಪ್ಪಿಸುವುದು. 'ಸಕಾಲದಲ್ಲಿ' ಎಂಬ ಮಾತನ್ನು ಗಮನಿಸಿ.

ಹೆಣ್ಣುಮಕ್ಕಳಿಗೂ ಆಸ್ತಿ ಹಕ್ಕು ಸಿಗಲೆಂದು ಬಾಬಾಸಾಹೇಬರು ಹಿಂದೂ ಕೋಡ್ ಬಿಲ್‌ಗಾಗಿ ಹೋರಾಡಿದರು. ಅದನ್ನು ಕೈಬಿಟ್ಟಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. 1956ರ ಉತ್ತರಾಧಿಕಾರ ಕಾಯ್ದೆ ಬೌದ್ಧರಾದ ನಮಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು. ಮದುವೆಯಾದರೂ ಆ ಹಕ್ಕು ಹೋಗುವುದಿಲ್ಲ.

ಆದರೂ ನಮ್ಮ ಮನೆಗಳಲ್ಲೇ 'ಅರಿಶಿನ ಕುಂಕುಮಕ್ಕೆ' ಎಂದು ಒಂದಿಷ್ಟು ಕೊಟ್ಟು, ಓದಿ ಹೇಳದೆ, ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. ಕೊಡದಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಎರಡನೇ ಶೀಲ. ಹೀಗೆ ಪಡೆದ ಸಹಿ ಕೊಟ್ಟದ್ದೋ, ಕಿತ್ತುಕೊಂಡದ್ದೋ?

ಸ್ವಯಾರ್ಜಿತ ಆಸ್ತಿಗೆ ಉಯಿಲು ಬರೆದಿಡಿ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರ ಸಹಿಯನ್ನೂ ಪಡೆಯಿರಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆಯುವಾಗ ಹೆಂಡತಿಯನ್ನೂ ಮಗಳನ್ನೂ ಮರೆಯಬೇಡಿ.

ಎಲ್ಲವೂ ಅನಿತ್ಯ ಎಂದು ಬಲ್ಲವರು ಇದನ್ನು ನಾಳೆಗೆ ಇಡಬಾರದು.

ಭವತು ಸಬ್ಬ ಮಂಗಲಂ 🙏